ಹಗೇವಿನ ಕಲ್ಲಿನ ಮೇಲೆ ಕುಳಿತ ಆಯಿ

ನನಗೆ ವಹಿಸಿದ್ದ ಕೆಲಸ ಮಾತು ತಿದ್ದುವುದು. ಮದ್ರಾಸಿನಿಂದ ಬಂದಿದ್ದ ಆ ಸಿನಿಮಾ ತಂಡದ ನಿರ್ದೇಶಕರು ಮೈಸೂರು ಕಡೆಯವರು. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್‌ಗೆ ಕೆಲವೇ ದಿನ ಮೊದಲು ಭಾಲ್ಕಿ ಮತ್ತು ಔರಾದದ ನಡುವಿನ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಅದೇ ಹಳ್ಳಿಯಲ್ಲಿ ಚಿತ್ರ ಮಾಡಲು ಹೊರಟಿದ್ದರು. ಅವರು ತಂದಿದ್ದ ಸಂಭಾಷಣೆಯಲ್ಲಿ ನಮ್ಮ ಕಡೆಯ ಹೆಂಗಸರು "ಅಯ್ಯೋ ದೇವರೇ, ಈಗ ಏನು ಮಾಡೋಣಮ್ಮಾ" ಎನ್ನುತ್ತಿದ್ದರು. ಅದನ್ನು ಬೀದರದ ಮಾತಿಗೆ ತಿರುಗಿಸಿ, ಊರವರ ಬಾಯಿಗೆ ಕೂರಿಸಿ, ಚಿತ್ರೀಕರಣದ ಹೊತ್ತಿಗೆ ಕ್ಯಾಮೆರಾದ ಪಕ್ಕದಲ್ಲಿ ನಿಂತು ತುಟಿ ಸರಿಯಾಗಿ ಆಡುತ್ತಿದೆಯೇ ಎಂದು ನೋಡಬೇಕಿತ್ತು. ಧ್ವನಿಯನ್ನು ಆಮೇಲೆ ಮದ್ರಾಸಿನಲ್ಲಿ ಸೇರಿಸುತ್ತಾರಂತೆ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬೀದರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಕ್ರಿಸ್ಮಸ್ ರಜೆಗೆ ಶಾಲೆ ಮುಚ್ಚಿತ್ತು. ಹಬ್ಬದ ಮರುದಿನವೇ ಹೊರಟೆ.

ಆ ಹಳ್ಳಿಯಲ್ಲಿ ನಡೆದದ್ದು ಇಷ್ಟು. ಸಂಸ್ಥಾನದ ಪರ ಬಂದೂಕು ಹಿಡಿದವರು ಬರುತ್ತಿದ್ದಾರೆ ಎಂಬ ಸುದ್ದಿ ಬಂದ ಬೆಳಿಗ್ಗೆ, ಊರಿನ ಹರೆಯದ ಹೆಣ್ಣುಮಕ್ಕಳನ್ನು ಒಂದು ಹಗೇವಿನೊಳಗೆ ಇಳಿಸಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕೋಣೆ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಬಾಯಿಗೆ ಹಾಸುಗಲ್ಲು ಎಳೆದು, ಕಲ್ಲಿನ ಸುತ್ತ ಜೋಳ ಹರವಿ, ಗಂಡನನ್ನು ಕಳೆದುಕೊಂಡಿದ್ದ ಒಬ್ಬ ತಾಯಿಯನ್ನು ಕಾಳು ಆರಿಸುವವಳಂತೆ ಅದರ ಮೇಲೆ ಕೂರಿಸಿದ್ದರು. ಕೂರಿಸಿದವಳು ಅವಳ ಮಗಳೇ. ಹೊಲದಲ್ಲಿ ಉಳಿದಿದ್ದ ಇನ್ನಿಬ್ಬರು ಹುಡುಗಿಯರನ್ನು ಕರೆತರುತ್ತೇನೆ, ನಾನು ಬಂದು ಏಳು ಎನ್ನುವವರೆಗೆ ಏಳಬೇಡ ಎಂದು ಹೇಳಿ ಓಡಿದಳು. ಗಂಡಸರು ಜೋಳದ ಬೆಳೆಯೊಳಗೆ ಓಡಿದರು. ಬಂದವರು ತಾಯಿಯನ್ನು ಜಗ್ಗಾಡಿದರು, ಹೊಡೆದರು, ಹುಚ್ಚಿ ಎಂದು ಬಿಟ್ಟು ಮನೆಗಳಿಗೆ ಬೆಂಕಿ ಇಟ್ಟು ಹೋದರು. ಅವಳು ಏಳಲಿಲ್ಲ. ಕೆಳಗಿದ್ದವರೆಲ್ಲ ಉಳಿದರು. ಮಗಳು ಮಾತ್ರ ತಿರುಗಿ ಬರಲಿಲ್ಲ. ಆ ಹುಡುಗಿಯರೂ ಬರಲಿಲ್ಲ. ಯಾರ ಹೆಣವೂ ಸಿಗಲಿಲ್ಲ.

ಆ ತಾಯಿಯನ್ನು ಈಗ ಊರೆಲ್ಲ ಆಯಿ ಎನ್ನುತ್ತದೆ. ಅವಳ ಪಾತ್ರಕ್ಕೆ ನಾಟಕ ಕಂಪನಿಯ ಹಿರಿಯ ನಟಿಯೊಬ್ಬರನ್ನು ಗೊತ್ತು ಮಾಡಿದ್ದರು. ಆಯಿಯಿಂದ ಒಪ್ಪಿಗೆ ಕೇಳಿ ಬರಲು ಮಾತ್ರ ನಾನು ಅವಳ ಮನೆಗೆ ಹೋದದ್ದು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ. ಕಥೆಯನ್ನು ಪೂರ್ತಿ ಕೇಳಿದಳು. ತನ್ನದೇ ಕಥೆಯನ್ನು ಬೇರೆ ಯಾರದೋ ಎಂಬಂತೆ ನಡುನಡುವೆ ತಲೆಯಾಡಿಸಿದಳು.

"ಕಡೀಕ ಏನ್ ಮಾಡೀರಿ?" ಎಂದಳು.

"ಕಡೀಕ ಮಗಳು ತಿರುಗಿ ಬರ್ತಾಳ್ರಿ ಆಯಿ. ಬಂದು ಏಳು ಅಂತ ಕರೀತಾಳ." ನಿರ್ದೇಶಕರು ಹಾಗೆ ಬದಲಿಸಿಕೊಂಡಿದ್ದರು. ಜನ ಅಳುತ್ತ ಮನೆಗೆ ಹೋಗಬಾರದು ಎಂಬುದು ಅವರ ವಾದ.

ಆಯಿಯ ಬೆರಳು ನಿಂತಿತು. "ಬರ್ತಾಳಾ?"

"ಸಿನಿಮಾದಾಗ್ರಿ."

"ಗೊತ್ತದ ತಗೋ, ನನಗೇನ್ ಅರಳುಮರಳು ಆಗಿಲ್ಲ. ಹಂಗಿದ್ರ ಆ ಕಂಪನಿ ಬಾಯಿ ಯಾಕ? ಕಲ್ಲಿನ ಮ್ಯಾಲ ನಾನೇ ಕೂಡ್ತೇನಿ."

ನಿರ್ದೇಶಕರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನನಗೂ ಆಯಿತು. ಮಗಳು ಹೇಗೆ ಕರೆಯುತ್ತಿದ್ದಳು ಎಂದು ನಾನು ಆಯಿಯನ್ನು ಕೇಳಿ, ಅವಳು ತೋರಿಸಿದ ರಾಗದಲ್ಲೇ ಆ ಒಂದು ಮಾತನ್ನು ಹತ್ತಾರು ಸಲ ಹೇಳಿಕೊಂಡೆ. ಮಗಳ ಪಾತ್ರದ ಹುಡುಗಿ ರೈಲಿನಲ್ಲಿ ಭಾಲ್ಕಿಗೆ ಬಂದಿಳಿದ ಮೇಲೆ ಅವಳಿಗೆ ಅದನ್ನು ಕಲಿಸಬೇಕಿತ್ತು.

ನನ್ನನ್ನು ಬೀದರದಿಂದ ಕರೆತಂದವನು ಊರ ಪಕ್ಕದ ಚಿದ್ರಿಯ ಟಾಂಗಾದ ಚಾಚಾ. ಹೊರಟ ದಿನ ಬೆಳಗಿನ ಚಳಿಯಲ್ಲಿ ನಮ್ಮ ಟಾಂಗಾ ಒಂದು ಬೀಗ ಹಾಕಿದ ಮನೆಯ ಮುಂದೆ ಹಾದಾಗ ನಾನು ಅಭ್ಯಾಸದಂತೆ ಅತ್ತ ನೋಡಿದೆ. ಹೈದರಾಬಾದಿನ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿಯ ಮನೆ ಅದು. ಮಿಲಿಟರಿ ಬಂದ ಮೇಲೆ ಮುಸಲ್ಮಾನರ ವಿರುದ್ಧ ಎದ್ದ ಗದ್ದಲದಲ್ಲಿ ಅವಳ ಮನೆಯವರು ರಾತ್ರೋರಾತ್ರಿ ಕರಾಚಿಯ ಕಡೆ ಹೋದರು ಎಂದು ಕೇಳಿದ್ದೆ. ಒಂದು ಕಾಗದವೂ ಬರಲಿಲ್ಲ.

"ಆ ಬೀಗಾ ನಾ ಭೀ ದಿನಾ ನೋಡ್ತೇನ್ರಿ ಟೀಚರಬಾಯಿ," ಎಂದ ಚಾಚಾ. "ಜಂಗ್ ಹಿಡದದ. ಈಗ ಚಾವಿ ತಂದ್ರ ಭೀ ತೆರೆಯಂಗಿಲ್ಲ."

ಆ ಗದ್ದಲದಲ್ಲೇ ಅವನ ತಮ್ಮ ಸತ್ತಿದ್ದ. ಅದನ್ನು ಅವನು ಹೇಳುವುದಿಲ್ಲ, ಚಿದ್ರಿಯಲ್ಲಿ ಎಲ್ಲರಿಗೂ ಗೊತ್ತು. ದಾಳಿಕೋರರ ಪಾತ್ರಕ್ಕೆ ಎತ್ತರದ ಆಳು ಬೇಕೆಂದು ನಿರ್ದೇಶಕರು ಅವನನ್ನೇ ಕೇಳಿದಾಗ ನಾನು ಬೇಡವೆಂದಿದ್ದೆ. ಅವನೇ ನಕ್ಕುಬಿಟ್ಟ. "ಬೈಸ್ಕೊಳ್ಳಾದು ಹ್ಯಾಂಗೂ ಬೈಸ್ಕೊತೇನ್ರಿ. ಬಣ್ಣ ಹಚ್ಕೊಂಡು ಬೈಸ್ಕೊಂಡ್ರ ಕೂಲಿ ಸಿಗ್ತದ."

ಕಲ್ಲಿನ ದೃಶ್ಯವನ್ನು ತುಂಡು ಮಾಡದೆ ಒಂದೇ ಉಸಿರಿಗೆ ತೆಗೆಯಬೇಕು ಎಂಬುದು ನಿರ್ದೇಶಕರ ಹಠ. ಹಗೇವಿನೊಳಗಿಂದ ಮೇಲೆ ನೋಡುವ ಮೂರು ಮುಖಗಳು, ಅವುಗಳ ಮೇಲೆ ಸರಿದು ಮುಚ್ಚುವ ಕಲ್ಲು, ಹರವುವ ಜೋಳ, ಕೂರುವ ತಾಯಿ, ಬಂದು ಮುತ್ತುವ ದಾಳಿಕೋರರು. ನಡುವೆ ನಿಲ್ಲಿಸಿದರೆ ಕೆಳಗೆ ಯಾರೂ ಇಲ್ಲವೆಂದು ನೋಡುವವರ ಮನಸ್ಸಿಗೆ ತಿಳಿದುಬಿಡುತ್ತದೆ ಎಂದರು. ಆದ್ದರಿಂದ ಆ ಮೂವರು ಕೆಳಗೇ ಇರಬೇಕಾಯಿತು. ಮೂವರೂ ಆ ಊರವರೇ. ಒಬ್ಬಳು ಪಾಟೀಲರ ಮನೆಯ ಸೊಸೆ. ಇನ್ನೊಬ್ಬಳು ಅಂದೂ ಅದೇ ಹಗೇವಿನಲ್ಲಿ ಅಡಗಿದ್ದವಳು.

ತಯಾರಿಯಲ್ಲಿ ಯಾರೂ ಅವಸರ ಮಾಡಲಿಲ್ಲ. ಬಹಳ ಕಾಲ ಮುಚ್ಚಿದ ಹಗೇವಿನ ಗಾಳಿ ಕೆಟ್ಟಿರುತ್ತದೆ, ತೆರೆದ ದಿನವೇ ಇಳಿಯಬಾರದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಿಂದಿನ ದಿನವೇ ಕಲ್ಲು ಸರಿಸಿ ಬಿಟ್ಟರು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ತಳದವರೆಗೂ ಉರಿಯಿತು. ಒಳಗಿನ ಮುಖಗಳು ಕ್ಯಾಮೆರಾಕ್ಕೆ ಕಾಣಬೇಕಲ್ಲ, ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳಿಂದ ಬಿಸಿಲನ್ನು ತಿರುಗಿಸಿ ನೋಡಿದರು, ಸಾಲಲಿಲ್ಲ. ಒಂದು ಗ್ಯಾಸಬತ್ತಿಯನ್ನು ಹೊತ್ತಿಸಿ ಒಳಗೋಡೆಯ ಗೂಟಕ್ಕೆ ತೂಗುಹಾಕಿದರು. ಅದು ಭುಸುಗುಡುತ್ತ ಬೆಳ್ಳಗೆ ಉರಿಯಿತು. ಕಲ್ಲಿನ ಅಂಚಿಗೆ ಮುಷ್ಟಿಗಾತ್ರದ ಗುಂಡುಕಲ್ಲು ಕೊಟ್ಟು ಗಾಳಿಗೆ ಸಂದು ಬಿಟ್ಟರು. ಕ್ಯಾಮೆರಾವನ್ನು ಎತ್ತಿನ ಗಾಡಿಯ ಮೇಲೆ ಏರಿಸಿದರು. ತಾಲೀಮಿನಲ್ಲಿ ಕಲ್ಲು ಮುಚ್ಚಿದಾಗಿನಿಂದ ತೆಗೆಯುವವರೆಗೆ ಒಂದು ಹಾಡಿನಷ್ಟು ಹೊತ್ತೂ ಹಿಡಿಯಲಿಲ್ಲ. ಹೊರಬಂದ ಹೆಂಗಸರು ನಗುತ್ತಲೇ ಬೆವರು ಒರೆಸಿಕೊಂಡರು.

ಮೊದಲ ಸಲ ತೆಗೆದಾಗ ಒಂದು ಆಡು ಬಂದು ಹರವಿದ ಜೋಳಕ್ಕೆ ಬಾಯಿ ಹಾಕಿತು. ಎರಡನೆಯ ಸಲ ಚಾಚಾ ಆಯಿಯ ತೋಳು ಹಿಡಿದವನು ಹಾಗೇ ನಿಂತುಬಿಟ್ಟ.

"ಎಳೀರಿ! ಎಳೀಬೇಕು!" ಗಾಡಿಯ ಮೇಲಿಂದ ನಿರ್ದೇಶಕರು ಕೂಗಿದರು.

"ನಮ್ಮ ಅಮ್ಮೀ ವಯಸ್ಸಿನಾಕಿ ಇದ್ದಾಳ್ರಿ ಸಾಹೇಬ್ರ. ಹ್ಯಾಂಗ ಜಗ್ಗಲಿ?"

ಆಯಿ ಕೂತಲ್ಲಿಂದಲೇ ಅಂದಳು, "ಜಗ್ಗೋ ತಮ್ಮಾ. ನಿನ್ನ ಕುದುರಿಕಿಂತ ಹಗರ ಇದ್ದೇನಿ."

ನೋಡಲು ನೆರೆದಿದ್ದ ಊರೆಲ್ಲ ನಕ್ಕಿತು. ಆ ನಗು ಕೇಳಿ ನಾನೂ ಹಗುರಾದೆ. ನೆರೆದವರಲ್ಲಿ ಅರ್ಧ ಜನ ಅಂದು ಜೋಳದ ಹೊಲಕ್ಕೆ ಓಡಿದ್ದವರು ಎಂಬುದು ನನಗೆ ಹೊಳೆಯಲಿಲ್ಲ. ಅವರ ಕೈಯಲ್ಲಿ ಬಡಿಗೆಗಳಿದ್ದವು. ನಮ್ಮ ಕಡೆ ಹೊಲದಿಂದ ಬಂದವರ ಕೈಯಲ್ಲಿ ಬಡಿಗೆ ಇರುವುದು ಹೊಸದೇನಲ್ಲ.

ಮೂರನೆಯ ಸಲ ಎಲ್ಲವೂ ಸರಿಯಾಗಿ ಹೊರಟಿತು. ಮುಖಗಳ ಮೇಲೆ ಕಲ್ಲು ಸರಿಯಿತು. ಆಯಿ ಕೂರುವ ಮೊದಲು, ತಾಲೀಮಿನಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಗುಂಡುಕಲ್ಲನ್ನು ಕಿತ್ತೆಸೆದು, ಧೂಳು ಏಳದಿರಲೆಂದು ನೀರು ಚೆಲ್ಲಿದ್ದ ಪಕ್ಕದ ಎರೆಮಣ್ಣಿನ ಕೆಸರನ್ನು ಬೊಗಸೆ ತುಂಬ ತೆಗೆದು ಸಂದಿಗೆ ಮೆತ್ತಿದಳು. ಅಂದು ಹಾಗೆಯೇ ಮಾಡಿದ್ದಳೋ ಏನೋ. ಗಾಡಿಯ ಮೇಲಿದ್ದವರಿಗೆ ಅದು ಅಭಿನಯದಂತೆ ಕಂಡಿತು. ನಾನು ತುಟಿಗಳನ್ನೇ ನೋಡುತ್ತಿದ್ದೆ. ಕೈಗಳನ್ನು ನೋಡಿಯೂ ನೋಡಲಿಲ್ಲ.

ಚಾಚಾ ಈ ಸಲ ನಿಜವಾಗಿಯೇ ಜಗ್ಗಿದ. ಆಯಿಯ ತಲೆಯ ಮೇಲಿನ ಸೆರಗು ಜಾರಿ ನರೆತ ಕೂದಲು ಬಿಚ್ಚಿಕೊಂಡಿತು. ಅವಳು ಕೂಗಿದಳು. ನಾನು ಬರೆದುಕೊಟ್ಟ ಮಾತಲ್ಲ ಅದು. ಮಾತೇ ಅಲ್ಲ.

ಪಾಟೀಲರ ತಮ್ಮ ಮೊದಲು ನುಗ್ಗಿದ. "ಕೈ ಬಿಡೋ ಹರಾಮಿ!" ಅವನ ಹಿಂದೆ ಊರು ನುಗ್ಗಿತು. ಚಾಚಾ ತಟ್ಟನೆ ಕೈ ಬಿಟ್ಟು ಎರಡೂ ಕೈ ಮೇಲೆತ್ತಿದ. "ನಾಟಕ ಅದರೀ, ನಾಟಕ!" ಬಡಿಗೆ ಅವನ ಹಣೆಗೆ ಬಿತ್ತು. ಅವನು ಆಯಿಯ ಬೆನ್ನ ಹಿಂದೆ ಕುಸಿದ. ಉಳಿದ ದಾಳಿಕೋರರು ಕಾಗದದಲ್ಲಿ ಮಾಡಿದ ಗುಂಡಿನ ಪಟ್ಟಿ, ಮರದ ಬಂದೂಕು ಎಸೆದು ಓಡಿದರು. ನಿರ್ದೇಶಕರು ಕಟ್, ಕಟ್ ಎಂದು ಕೂಗುತ್ತಲೇ ಇದ್ದರು. ಅದು ಆ ಊರಿನ ಭಾಷೆಯಾಗಿರಲಿಲ್ಲ. ನೋಡನೋಡುತ್ತಿದ್ದಂತೆ ಗಂಡಸರು ಕಲ್ಲಿನ ಸುತ್ತ ಒತ್ತಾಗಿ ನಿಂತರು. ಬೆನ್ನು ಆಯಿಯ ಕಡೆ, ಬಡಿಗೆ ಹೊರಗಡೆ. ಗಾಡಿಯಿಂದ ಇಳಿದು ಬಂದ ನಿರ್ದೇಶಕರನ್ನು ಎದೆಗೆ ಬಡಿಗೆ ಒತ್ತಿ ಹಿಂದೆ ತಳ್ಳಿದರು.

ಆಗ ನನಗೆ ಕೆಸರು ನೆನಪಾಯಿತು. ಒಳಗೆ ಗ್ಯಾಸಬತ್ತಿ ಉರಿಯುತ್ತಿತ್ತು.

ನಾನು ಪಾಟೀಲರ ತಮ್ಮನ ಎದುರು ಹೋಗಿ ನಿಂತೆ. "ಒಳಗ ನಿಮ್ಮ ಮನಿ ಸೊಸಿ ಇದ್ದಾಳ್ರಿ. ಕಲ್ಲು ತೆಗೀರಿ. ಗಾಳಿ ಇಲ್ಲ."

ಅವನು ನನ್ನನ್ನು ನೋಡುತ್ತಿದ್ದ, ನಾನು ಅವನಿಗೆ ಕಾಣುತ್ತಿರಲಿಲ್ಲ. "ಒಳಗಿದ್ರ ಉಳೀತಾರ. ಹೊರಗ ಬಂದ್ರ ಸಾಯ್ತಾರ."

"ಅಣ್ಣಾ, ಇದು ಸಿನಿಮಾರಿ."

"ಅವತ್ತ ನಾವು ಓಡಿದ್ದೆವು ಟೀಚರಬಾಯಿ," ಎಂದ. "ಇವತ್ತ ಓಡಂಗಿಲ್ಲ."

ಹೆಂಗಸೆಂದೋ ಏನೋ, ಒಳಗೆ ನುಸುಳಲು ನನ್ನನ್ನು ತಡೆಯಲಿಲ್ಲ. ಕಲ್ಲಿಗೆ ಕಿವಿ ಹಚ್ಚಿದೆ. ಕೆಳಗಿನಿಂದ ಬಡಿಯುತ್ತಿದ್ದರು. ಜೋಳ ಸರಿಸಿ ಕೆಸರನ್ನು ಬೆರಳಿನಿಂದ ಕೆರೆಯತೊಡಗಿದೆ. ಆಯಿ ನನ್ನ ಮುಂಗೈಗೆ ಬಲವಾಗಿ ಹೊಡೆದಳು.

"ಸಪ್ಪಳ ಮಾಡಬ್ಯಾಡ. ಇಲ್ಲೇ ಇದ್ದಾರ ಅವರು."

"ಯಾರೂ ಇಲ್ಲರಿ ಆಯಿ. ಏಳ್ರಿ. ಒಳಗಿನವರು ಸಾಯ್ತಾರ."

"ಆಕಿ ಬರಲಿ." ಕಣ್ಣು ಮುಚ್ಚಿ, ಎರಡೂ ಅಂಗೈ ಕಲ್ಲಿಗೆ ಊರಿ, ಇಡೀ ಮೈಭಾರ ಹಾಕಿ ಕೂತಳು.

ಕೆಳಗಿನ ಬಡಿತ ನಿಧಾನವಾಯಿತು. ಬಿಟ್ಟು ಬಿಟ್ಟು ಕೇಳಿತು. ಆಯಿಯ ಬೆನ್ನ ಹಿಂದೆ ಬಿದ್ದಿದ್ದ ಚಾಚಾ ತಲೆ ಎತ್ತಿದ. ಹುಬ್ಬಿನಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. ಪಿಸುಮಾತಿನಲ್ಲಿ ಹೇಳಿದ, "ಟೀಚರಬಾಯಿ, ಆಯಿಗಿ ನಾ ಎತ್ತಲಿ ಏನ್ರಿ? ಕೈ ಹಚ್ಚಿದ್ರ ಇವರು ನನಗ ಬಿಡಂಗಿಲ್ಲ. ಬಿಡದಿದ್ರ ಹೋಗ್ಲಿ. ಎತ್ತಲಿ?"

ಅವನ ಕೈ ಆಗಲೇ ಮುಂದೆ ಬಂದಿತ್ತು. ನಾನು ಅದನ್ನು ಹಿಡಿದು ತಡೆದೆ. ಈ ಕ್ಷಣ ನನಗೆ ಮತ್ತೆ ಮತ್ತೆ ಬರುತ್ತದೆ. ಶಾಲೆಯಲ್ಲಿ ಯಾರಾದರೂ ಬೆಂಚು ಬಡಿದರೆ ಬರುತ್ತದೆ. ಆ ಕೈಯನ್ನು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಬೇರೆ ಬೇರೆ ಬಗೆಯಲ್ಲಿ ನೋಡುತ್ತೇನೆ. ಯಾವ ಬಗೆಯಲ್ಲೂ ಎಲ್ಲರೂ ಉಳಿಯುವುದಿಲ್ಲ.

ಮೊಣಕಾಲೂರಿ ಆಯಿಯ ಹಿಂದೆ ಹೋದೆ. ಅವಳೇ ಕಲಿಸಿಕೊಟ್ಟ ರಾಗದಲ್ಲಿ, ಕೊನೆಯನ್ನು ಮೇಲಕ್ಕೆ ಎಳೆದು ಕರೆದೆ.

"ಏಳ ಯವ್ವಾ... ನಾ ಬಂದೀನಿ."

ಸುತ್ತ ನಿಂತವರಲ್ಲಿ ಕೆಲವರು ತಿರುಗಿ ನೋಡಿದರು. ಆಯಿ ಅಲುಗಲಿಲ್ಲ. ಮತ್ತೆ ಕರೆಯಲು ಬಾಯಿ ತೆರೆದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಆ ಇಬ್ಬರು ಹುಡಿಗ್ಯಾರು ಸಿಕ್ಕರೇನ?"

ಇದಕ್ಕೆ ಉತ್ತರ ಯಾವ ಹಾಳೆಯಲ್ಲೂ ಇರಲಿಲ್ಲ. "ಸಿಕ್ಕಾರವ್ವಾ," ಎಂದೆ. "ಇಬ್ಬರೂ ಸಿಕ್ಕಾರ."

ಅವಳು ಒಂದು ಕೈ ಎತ್ತಿ ಹಿಂದೆ ಚಾಚಿದಳು. ನನ್ನ ಹೆಗಲು ಸಿಕ್ಕಿತು. ಅದಕ್ಕೆ ಭಾರ ಕೊಟ್ಟು, ಮೊಣಕಾಲು ಹಿಡಿದು, ಎದ್ದಳು.

ಅವಳು ಎದ್ದದ್ದನ್ನು ನೋಡಿ ಬಡಿಗೆಗಳು ಕೆಳಗಿಳಿದವು. ಪಾಟೀಲರ ತಮ್ಮನೇ ಮೊದಲು ಕಲ್ಲಿಗೆ ಕೈ ಹಾಕಿದ. ಕಲ್ಲು ಸರಿದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಗ್ಯಾಸಬತ್ತಿ ಮಂಕಾಗಿ ಹಳದಿ ಉರಿ ಕಾರುತ್ತಿತ್ತು. ಇಬ್ಬರನ್ನು ಕಂಕುಳಿಗೆ ಕೈ ಕೊಟ್ಟು ಎಳೆದರು. ಹೊರಬಂದವರೇ ವಾಂತಿ ಮಾಡಿಕೊಂಡರು. ಪಾಟೀಲರ ಸೊಸೆಗೆ ಎಚ್ಚರವಿರಲಿಲ್ಲ. ನಮ್ಮ ತಂದೆ ಆಸ್ಪತ್ರೆಯಲ್ಲಿ ಕಂಪೌಂಡರರಾಗಿದ್ದರು, ಅಷ್ಟಿಷ್ಟು ನೋಡಿ ಕಲಿತಿದ್ದೆ. ಗುಂಪನ್ನು ದೂರ ಸರಿಸಿ, ಅವಳನ್ನು ಗಾಳಿಗೆ ಮಲಗಿಸಿ, ಕುಪ್ಪಸದ ಗಂಟು ಸಡಿಲಿಸಿ, ಮಗ್ಗುಲಾಗಿಸಿದೆ. ಅಂಗಾಲು ತಿಕ್ಕಿದರು. ಬಹಳ ಹೊತ್ತಿನ ಮೇಲೆ ಅವಳು ಕೆಮ್ಮಿದಳು. ಆ ಕೆಮ್ಮು ಕೇಳಿ ಪಾಟೀಲರ ತಮ್ಮ ಬಡಿಗೆ ಎಸೆದು, ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ.

ಅವಳನ್ನು ಭಾಲ್ಕಿಯ ದವಾಖಾನೆಗೆ ಒಯ್ಯಲು ಇದ್ದದ್ದು ಚಾಚಾನ ಟಾಂಗಾ ಒಂದೇ. ಹಣೆಗೆ ಯಾರದೋ ರುಮಾಲು ಬಿಗಿದುಕೊಂಡು ಅವನೇ ಹೊಡೆದ. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾಟೀಲರ ತಮ್ಮ ಹಿಂದೆ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಅವಳ ಅಂಗಾಲು ತಿಕ್ಕುತ್ತಿದ್ದೆ. ದವಾಖಾನೆಯ ಮೆಟ್ಟಿಲ ಬಳಿ ಇಳಿದ ಮೇಲೆ ಪಾಟೀಲರ ತಮ್ಮ, "ನಿಂದು ಭೀ ತೋರಿಸು ಬಾ ಚಾಚಾ," ಎಂದು ಅವನ ತೋಳು ಹಿಡಿದ. ಚಾಚಾ, "ಮೊದಲ ಕುದುರಿಗಿ ನೀರ ಕುಡಿಸ್ತೇನಿ, ತಡೀರಿ," ಎಂದ.

ಕ್ಯಾಮೆರಾವನ್ನು ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ. ರೀಲು ಮುಗಿಯುವವರೆಗೂ ಓಡಿತ್ತಂತೆ. ಆ ಭಾಗವನ್ನು ಬಳಸುವುದಿಲ್ಲ ಎಂದು ನಿರ್ದೇಶಕರು ತಾವಾಗಿಯೇ ನನಗೆ ಹೇಳಿದರು. ಅವರ ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. ಆದರೂ ಚಿತ್ರ ಮುಗಿಯಬೇಕಲ್ಲ. ಮಗಳ ಪಾತ್ರದ ಹುಡುಗಿ ರೈಲಿನಲ್ಲಿ ಬಂದಿಳಿದಿದ್ದಳು. ಉಳಿದದ್ದು ಕೊನೆಯ ದೃಶ್ಯವೊಂದೇ, ಕಲ್ಲು ಬೇಡ, ಹಗೇವು ಬೇಡ, ಮನೆಯ ಕಟ್ಟೆಯ ಮೇಲೆ ಕೂತರೂ ಸಾಕು, ಆಯಿಯನ್ನು ಕೇಳಿ ನೋಡಿ ಎಂದರು.

ನಾನು ಹೋದಾಗ ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದೆ.

"ಅದು ಆಗ್ಯದಲ್ಲ," ಎಂದಳು.

"ಆಯಿ, ಮೊನ್ನಿ ನಿಮಗ ಕರೆದಾಕಿ..."

"ನೀನೇ. ಗೊತ್ತದ." ಹಿಟ್ಟು ಒತ್ತುತ್ತಲೇ ಇದ್ದಳು. "ಹಡದ ಮಗಳ ದನಿ ನನಗ ತಿಳಿಯಂಗಿಲ್ಲೇನ? ಆಕೀದು ಇಷ್ಟು ಸಣ್ಣ ದನಿ ಅಲ್ಲ. ಹೊಲದಾಗ ನಿಂತು ಕರದ್ರ ಮನಿಗಿ ಕೇಳ್ತಿತ್ತು."

"ಮತ್ತ ಯಾಕ ಎದ್ರಿ?"

ಅವಳು ಕೈ ನಿಲ್ಲಿಸಿದಳು. "ಅವತ್ತ ಬೆಂಕಿ ಇಟ್ಟವರು ಹೋದ ಮ್ಯಾಲ ಊರವರು ತಿರುಗಿ ಬಂದ್ರು. ನಾಕ್ ಮಂದಿ ನನಗ ಹಿಡದು ಎತ್ತಿ ಬಾಜೂಕ ಇಟ್ರು, ಜ್ವಾಳದ ಚೀಲ ಇಟ್ಟಂಗ. ಏಳು ಅಂತ ಒಬ್ಬರೂ ಅನ್ಲಿಲ್ಲ. ನಾ ಎದ್ದೇ ಇಲ್ಲ ನೋಡವ್ವಾ, ಅವತ್ತಿನಿಂದ."

ಒಲೆಯಲ್ಲಿ ತೊಗರಿಕಟ್ಟಿಗೆ ಚಟಪಟ ಎನ್ನುತ್ತಿತ್ತು. ಹೊರಗೆ ನಿರ್ದೇಶಕರ ಆಳು ನನಗಾಗಿ ಕಾಯುತ್ತಿದ್ದ. ನಾನು ಹೊಸ್ತಿಲು ದಾಟಬೇಕು ಎನ್ನುವಾಗ ಆಯಿ ಹಿಂದಿನಿಂದ ಹೇಳಿದಳು.

"ಇನ್ನೊಮ್ಮಿ ಕರೀತಿ ಏನ? ಸ್ವಲ್ಪ ದೊಡ್ಡ ದನೀಲೆ."

ನಾನು ಅಂಗಳಕ್ಕೆ ಇಳಿದು, ಹಿತ್ತಲ ಆಚೆಯ ಹೊಲದ ಅಂಚಿನವರೆಗೆ ನಡೆದೆ. ಜೋಳ ತೆನೆ ಬಿಟ್ಟಿತ್ತು. ಅಲ್ಲಿ ನಿಂತು, ಇದ್ದಷ್ಟು ಉಸಿರು ಕೂಡಿಸಿ ಕರೆದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಓ," ಎಂದು ಆಯಿ ಓಗೊಟ್ಟಳು.